200 ಮಿ.ಮೀ. ದರ್ಪಣದಲ್ಲಿ ಬರ್ನಾರ್ಡ್ ನಕ್ಷತ್ರದ ದೂರ ಅಳೆದದ್ದು

ನಕ್ಷತ್ರದ ಚುಕ್ಕೆಯನ್ನು ಮೂರು ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ರಲ್ಲೊಂದು ಭಾಗ) ಅಲ್ಲಾಡಿಸುವ ಗಾಳಿಯಲ್ಲಿ ಅರ್ಧ ಆರ್ಕ್‌ಸೆಕೆಂಡ್ ಅಳೆಯುವುದು ಆಗದ ಮಾತು ಅಂತ ಹೇಳಿದವರೇ ಹೆಚ್ಚು. ಆಗುತ್ತದೆ. ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರ ದೂರದವುಗಳ ಎದುರು ಆಚೀಚೆ ಸರಿದಂತೆ ಕಾಣುತ್ತದೆ. ಆ ಓಲಾಟದ ಅರ್ಧವೇ ಪ್ಯಾರಲ್ಯಾಕ್ಸ್, ಅದು ಹೆಚ್ಚಿದಷ್ಟೂ ದೂರ ಕಡಿಮೆ. ಬರ್ನಾರ್ಡ್ ನಕ್ಷತ್ರಕ್ಕೆ ನನಗೆ ಸಿಕ್ಕ ಪ್ಯಾರಲ್ಯಾಕ್ಸ್ ಸುಮಾರು 0.54 ಆರ್ಕ್‌ಸೆಕೆಂಡ್, ಅಂದರೆ 6 ಜ್ಯೋತಿರ್ವರ್ಷದ ಆಸುಪಾಸು. ನಕ್ಷತ್ರಗಳನ್ನು ಅಳೆದ ಗೈಯಾ ಉಪಗ್ರಹದ ಪಟ್ಟಿಯಲ್ಲಿರುವುದು 0.547, ದೂರ 5.96 ಜ್ಯೋತಿರ್ವರ್ಷ. ಬಳಸಿದ್ದು ಎಫ್/5 ನ್ಯೂಟೋನಿಯನ್ (ದರ್ಪಣದ ದೂರದರ್ಶಕ) ಮತ್ತು ಮಾಮೂಲಿ ಮೋನೋ (ಕಪ್ಪು-ಬಿಳುಪು) ಕ್ಯಾಮೆರಾ. ಒಂದು ಪಿಕ್ಸೆಲ್‌ಗೆ 0.77 ಆರ್ಕ್‌ಸೆಕೆಂಡ್. ಪ್ಯಾರಲ್ಯಾಕ್ಸ್‌ನಿಂದ ನಕ್ಷತ್ರ ಆಚೀಚೆ ಸರಿಯುವುದು ಒಂದೂವರೆ ಪಿಕ್ಸೆಲ್‌ನಷ್ಟೂ ಇಲ್ಲ. ಗಾಳಿ ಚುಕ್ಕೆಯನ್ನು ಹರಡಿದರೂ ಅದರ ನಡುಬಿಂದು ಪಿಕ್ಸೆಲ್‌ನ ಇಪ್ಪತ್ತರಲ್ಲೊಂದು ಭಾಗದಷ್ಟು ನಿಖರವಾಗಿ ಸಿಗುತ್ತದೆ. ರಾತ್ರಿಗೆ ಐವತ್ತು ಅರವತ್ತು ಫ್ರೇಮ್ ಸರಾಸರಿ ಮಾಡಿದರೆ ಸಾಕು.

ಈ ನಕ್ಷತ್ರ ಆಚೀಚೆ ಅತಿ ಹೆಚ್ಚು ಸರಿದು ಕಾಣುವ, ಅಂದರೆ ಅಳೆಯಲು ಸರಿಯಾದ ಹೊತ್ತು ಮಾರ್ಚ್ 20ರ ಸುತ್ತಿನ ಬೆಳಗಿನ ಜಾವ ಮತ್ತು ಸೆಪ್ಟೆಂಬರ್ 22ರ ಸುತ್ತಿನ ಮುಸ್ಸಂಜೆ. ಎರಡೇ ಸಲ ನೋಡಿ ಬಿಟ್ಟರೆ ಸ್ವಚಲನೆ (ನಕ್ಷತ್ರದ ಸ್ವಂತ ಓಟ) ಯಾವುದು, ಪ್ಯಾರಲ್ಯಾಕ್ಸ್ ಯಾವುದು ಅಂತ ಬೇರ್ಪಡಿಸಲು ಬರುವುದಿಲ್ಲ. ಮುಂದಿನ ಮಾರ್ಚ್ ಬೇಕೇ ಬೇಕು. ಮೊದಲ ಆರು ತಿಂಗಳಲ್ಲಿ ಅದು ಪಶ್ಚಿಮಕ್ಕೆ ಸುಮಾರು 1.45 ಆರ್ಕ್‌ಸೆಕೆಂಡ್ ಸರಿಯಿತು, ಮುಂದಿನ ಆರರಲ್ಲಿ ಪೂರ್ವಕ್ಕೆ 0.7ರಷ್ಟು ಮರಳಿತು. ಎರಡರ ಸರಾಸರಿಯ ಅರ್ಧವೇ ಪ್ಯಾರಲ್ಯಾಕ್ಸ್. ಉತ್ತರಕ್ಕೆ ವರ್ಷಕ್ಕೆ 10.3 ಆರ್ಕ್‌ಸೆಕೆಂಡ್ ಓಡುತ್ತದೆ, ಅದನ್ನು ಈ ಲೆಕ್ಕಕ್ಕೆ ತರಬೇಡಿ.

ಇದಕ್ಕೂ ಮುಂಚಿನ ಒಂದಿಡೀ ವರ್ಷದ ಕೆಲಸ ಹಾಳಾಗಿತ್ತು. ಫಿಲ್ಟರ್ ಇಲ್ಲದೆ ತೆಗೆದ ಚಿತ್ರಗಳು ಕೊಟ್ಟದ್ದು 0.68, ದೂರ ಐದು ಜ್ಯೋತಿರ್ವರ್ಷಕ್ಕೂ ಕಡಿಮೆ. ಕಾರಣ ವಾತಾವರಣದ ವಕ್ರೀಭವನ, ಅಂದರೆ ಗಾಳಿಯಲ್ಲಿ ಬೆಳಕು ಬಾಗುವುದು. ಬರ್ನಾರ್ಡ್ ಕಡುಗೆಂಪು, ಅದರ ಸ್ಥಾನ ಅಳೆಯಲು ಬಳಸುವ ಹಿನ್ನೆಲೆಯ ಹೋಲಿಕೆ ನಕ್ಷತ್ರಗಳು ಅದಕ್ಕಿಂತ ನೀಲಿ. ಗಾಳಿ ನೀಲಿಯನ್ನು ನೆತ್ತಿಯ ಕಡೆಗೆ ಹೆಚ್ಚು ಎತ್ತುತ್ತದೆ. ಮಾರ್ಚ್‌ನಲ್ಲಿ ನಕ್ಷತ್ರ ಪೂರ್ವದಲ್ಲಿದ್ದಾಗ ಹೋಲಿಕೆಯವು ಪಶ್ಚಿಮಕ್ಕೆ ಜಾರುತ್ತವೆ, ಬರ್ನಾರ್ಡ್ ಪೂರ್ವಕ್ಕೆ ಸರಿದಂತೆ ಕಾಣುತ್ತದೆ. ಸೆಪ್ಟೆಂಬರ್‌ನಲ್ಲಿ ತಿರುಗುಮುರುಗು. ಈ ತಪ್ಪು ಪ್ಯಾರಲ್ಯಾಕ್ಸ್‌ನ ದಿಕ್ಕಿನಲ್ಲೇ ಕೂಡಿಕೊಳ್ಳುವುದರಿಂದ ಸುಲಭಕ್ಕೆ ಅನುಮಾನವೂ ಬರುವುದಿಲ್ಲ. 685 ನ್ಯಾನೋಮೀಟರ್‌ಗಿಂತ ಮೇಲಿನ ಬೆಳಕನ್ನಷ್ಟೇ ಬಿಡುವ ಫಿಲ್ಟರ್ ಹಾಕಿ, ನಕ್ಷತ್ರ ಮೆರಿಡಿಯನ್ (ನೆತ್ತಿಯ ಮೇಲಿನ ಉತ್ತರ–ದಕ್ಷಿಣ ರೇಖೆ) ದಾಟುವ ಹೊತ್ತಿನ ಹಿಂದೆಮುಂದೆ ಒಂದೂವರೆ ಗಂಟೆಯೊಳಗೆ ಮಾತ್ರ ಚಿತ್ರ ತೆಗೆದ ಮೇಲೆ ಅಂಕಿ ದಾರಿಗೆ ಬಂತು.

ಕ್ಯಾಮೆರಾದ ಹತ್ತರಲ್ಲೊಂದು ಭಾಗದ ಬೆಲೆಯೂ ಇಲ್ಲದ ಆ ಫಿಲ್ಟರೇ ಇಡೀ ಕೆಲಸ ಉಳಿಸಿದ್ದು. ದುಡ್ಡು ದಂಡವಾದದ್ದು 2ಎಕ್ಸ್ ಬಾರ್ಲೋ (ಚಿತ್ರವನ್ನು ಎರಡು ಪಟ್ಟು ಹಿಗ್ಗಿಸುವ ಮಸೂರ) ಮೇಲೆ. ಪಿಕ್ಸೆಲ್ ಲೆಕ್ಕ ಚೆನ್ನಾಯಿತು ನಿಜ, ಆದರೆ ನೋಟದ ಕ್ಷೇತ್ರ ಕಾಲು ಭಾಗಕ್ಕಿಳಿದು, ಹದಿನಾಲ್ಕಿದ್ದ ಹೋಲಿಕೆ ನಕ್ಷತ್ರ ಮೂರಕ್ಕೆ ಬಂತು. ದೊಡ್ಡ ದರ್ಪಣಕ್ಕೆ ಹೋಗುವ ಬದಲು ಕೋಮಾ ಕರೆಕ್ಟರ್ (ಚಿತ್ರದ ಅಂಚಿನಲ್ಲಿ ಬಾಲ ಬಿಡುವ ಚುಕ್ಕೆಗಳನ್ನು ಸರಿಪಡಿಸುವ ಮಸೂರ) ಕೊಳ್ಳಿ.

ಎಕ್ಸ್‌ಪೋಷರ್ 20 ಸೆಕೆಂಡ್ ಇಟ್ಟೆ. ಹೆಚ್ಚಾದರೆ ಬರ್ನಾರ್ಡ್‌ನ ಚುಕ್ಕೆಯ ಅತಿ ಬೆಳಗುವ ಭಾಗ ಸ್ಯಾಚುರೇಟ್ ಆಗಿ (ಪಿಕ್ಸೆಲ್ ತುಂಬಿ ಹೆಚ್ಚಿನ ಬೆಳಕು ಲೆಕ್ಕಕ್ಕೆ ಸಿಗದೆ) ನಡುಬಿಂದು ಜಾರುತ್ತದೆ. ತೀರಾ ಕಡಿಮೆಯಾದರೆ ಒಂದೊಂದು ನಕ್ಷತ್ರ ಒಂದೊಂದು ಕಡೆ ಕುಣಿಯುತ್ತದೆ. ಮೌಂಟ್ ಫ್ಲಿಪ್ ಆದಾಗ, ಅಂದರೆ ಮೆರಿಡಿಯನ್ ದಾಟಿದ ನಕ್ಷತ್ರವನ್ನು ಹಿಂಬಾಲಿಸಲು ದೂರದರ್ಶಕ ಸ್ಟ್ಯಾಂಡಿನ ಇನ್ನೊಂದು ಬದಿಗೆ ಮಗುಚಿದಾಗ, ದರ್ಪಣದ ಸಣ್ಣ ಓರೆಯೂ ಬುಡಮೇಲಾಗುತ್ತದೆ, ಹಾಗಾಗಿ ಅರ್ಧ ಫ್ರೇಮ್‌ಗಳನ್ನು ಕ್ಯಾಮೆರಾ 180 ಡಿಗ್ರಿ ತಿರುಗಿಸಿ ತೆಗೆಯಿರಿ. ಹೋಲಿಕೆ ನಕ್ಷತ್ರಗಳಲ್ಲಿ ಯಾವುದಕ್ಕೆ ಎಷ್ಟು ತೂಕ ಕೊಟ್ಟೆ ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ 61 ಸಿಗ್ನಿಯನ್ನೂ ನೋಡಿದೆ, 1838ರಲ್ಲಿ ಜರ್ಮನ್ ಖಗೋಳಜ್ಞ ಬೆಸೆಲ್ ದೂರ ಅಳೆದ ಜೋಡಿ ನಕ್ಷತ್ರ. ಜೋಡಿ ತೀರಾ ಪ್ರಕಾಶಮಾನ. ಅದಕ್ಕೆ ಎಕ್ಸ್‌ಪೋಷರ್ ಇಳಿಸಿದರೆ ಹಿನ್ನೆಲೆಯ ಹೋಲಿಕೆ ನಕ್ಷತ್ರಗಳೇ ಮಾಯ. ಕೈಬಿಟ್ಟೆ.

ಅಂಕಿ ಸಿಕ್ಕ ಮೇಲೆ ಅದನ್ನು ನೆಲದ ಮೇಲೆ ಹರವಿದೆ. ಭೂಮಿ–ಸೂರ್ಯರ ಅಂತರ 1 ಮಿ.ಮೀ. ಅಂತಿಟ್ಟರೆ ನೆಪ್ಚೂನ್ 3 ಸೆಂ.ಮೀ. ಆಚೆ, ಸೂರ್ಯನ ಅಗಲ ಮಿಲಿಮೀಟರ್‌ನ ನೂರರಲ್ಲೊಂದು ಭಾಗ. ಆಲ್ಫಾ ಸೆಂಟಾರಿ 276 ಮೀಟರ್‌ನಲ್ಲಿ, ಬರ್ನಾರ್ಡ್ 377 ಮೀಟರ್‌ನಲ್ಲಿ. ಸ್ಕೇಲಿನ ಒಂದು ಮಿಲಿಮೀಟರ್ ಗೆರೆಯನ್ನು 377 ಮೀಟರ್ ದೂರದಿಂದ ನೋಡಿದರೆ ಎಷ್ಟು ಕೋನವೋ ನಾನು ಅಳೆದದ್ದೂ ಅದೇ ಕೋನ.

ಮುಂದೆ ಅಳೆಯುವ ನಕ್ಷತ್ರ ವುಲ್ಫ್ 359. ಪ್ಯಾರಲ್ಯಾಕ್ಸ್ 0.415, ಕಾಂತಿಮಾನ 13.5 (ಈ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು), ಆದ್ದರಿಂದ ಸ್ಯಾಚುರೇಷನ್ ಭಯವಿಲ್ಲ. ಎರಡು ನಿಮಿಷದ ಫ್ರೇಮ್ ಬೇಕಾದೀತು. ಮೊದಲ ಸರದಿ ಡಿಸೆಂಬರ್ ಆರಂಭಕ್ಕೆ, ಎರಡನೆಯದು ಜೂನ್ ಆರಂಭಕ್ಕೆ.