ಬಿಲ್ಡರ್ ಫೋನ್ ಎತ್ತದಿದ್ದಾಗ ವಿಳಾಸ ಸಿಕ್ಕಿದ್ದು ಹೀಗೆ

ಬಿಲ್ಡರ್ ವಿಳಾಸದ ಹುಡುಕಾಟ ಹಳ್ಳ ಹಿಡಿದದ್ದು ಜಾಹೀರಾತಿನ ಹೆಸರಿನಿಂದ. ಬೋರ್ಡಿನ ಮೇಲಿರುವುದು ಬ್ರ್ಯಾಂಡ್. ನೋಂದಣಿಯಾದ ಕಂಪನಿಯ ಹೆಸರೇ ಬೇರೆ. ಹಾಗಾಗಿ ಮೊದಲು ಸೇಲ್ ಅಗ್ರಿಮೆಂಟ್ ತೆಗೆದು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ನೋಡಿಕೊಳ್ಳಿ. ಕರ್ನಾಟಕ ರೇರಾ ಜಾಲತಾಣದಲ್ಲಿ ಆ ಸಂಖ್ಯೆಯಿಂದ ಪ್ರಾಜೆಕ್ಟ್ ತೆರೆದರೆ ಪ್ರವರ್ತಕರ, ಅಂದರೆ ಬಿಲ್ಡರ್ ಕಂಪನಿಯ, ನಿಜವಾದ ಹೆಸರು ಸಿಗುತ್ತದೆ. ಗುತ್ತಿಗೆದಾರ, ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಎಂಜಿನಿಯರ್ ಇವರ ಹೆಸರು, ವಿಳಾಸಗಳನ್ನೂ 2016ರ ರೇರಾ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಬಿಲ್ಡರ್ ಕೊಟ್ಟಿರಲೇಬೇಕು. ಬಿರುಕು, ಸೋರಿಕೆಯ ವಿಷಯಕ್ಕೆ ಇವರಿಂದಲೇ ಹೆಚ್ಚು ಉಪಯೋಗ.

ಪ್ರವರ್ತಕರ ಆ ಹೆಸರನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದ ‘ಮಾಸ್ಟರ್ ಡೇಟಾ’ದಲ್ಲಿ ಹಾಕಿದರೆ ನೋಂದಾಯಿತ ಕಚೇರಿಯ ವಿಳಾಸ ಬರುತ್ತದೆ. ಒಂದೇ ತರಹದ ಹೆಸರು ನಾಲ್ಕೈದು ಕಂಡರೆ 21 ಅಕ್ಷರಗಳ ಸಿಐಎನ್ (ಕಂಪನಿಯ ಗುರುತಿನ ಸಂಖ್ಯೆ) ಅನ್ನು ಅಗ್ರಿಮೆಂಟಿನದರ ಜೊತೆ ತಾಳೆ ನೋಡಿ. 7, 8ನೇ ಸ್ಥಾನದ ‘ಕೆಎ’ ಅಂದರೆ ಕರ್ನಾಟಕ. ಬಿಲ್ಡರ್‌ಗೆ ಕೊಡುವ ನೋಟಿಸನ್ನು ಸೈಟ್ ಆಫೀಸಿಗಲ್ಲ, ಆ ನೋಂದಾಯಿತ ವಿಳಾಸಕ್ಕೇ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.