ಮಳೆಗಾಲದಲ್ಲಿ ಅಜ್ಜ-ಅಜ್ಜಿಯ ನಿದ್ದೆ ನೋಡಿಕೊಳ್ಳಿ
ಶಿರಸಿ ಕಡೆ ಜಡಿಮಳೆ ಹಿಡಿದರೆ ಮನೆಯೊಳಗೆ ಹಗಲೂ ಕತ್ತಲೆ. ವಯಸ್ಸಾದವರು ಹಗಲು ತೂಕಡಿಸಿ ರಾತ್ರಿ ಎದ್ದು ಕೂರುತ್ತಾರೆ. ಬೆಳಿಗ್ಗೆ ಚಾ ಕುಡಿಯುವಾಗ ಅವರನ್ನು ಜಗುಲಿಯಲ್ಲಿ ಕೂರಿಸಿ. ಮೋಡವಿದ್ದರೂ ಹೊರಗಿನ ಬೆಳಕು ಒಳಗಿನ ಬಲ್ಬಿಗಿಂತ ಜಾಸ್ತಿಯೇ, ದೇಹದ ಗಡಿಯಾರ ಸರಿಹೋಗಲು ಅದು ಬೇಕು. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಸಾಕು.

ಒಂದು ರಾತ್ರಿ ನಿದ್ದೆಗೆಟ್ಟರೂ ಮೆದುಳಲ್ಲಿ ಬೀಟಾ-ಅಮಿಲಾಯ್ಡ್ ಹೆಚ್ಚುವುದು 2018ರ ಅಮೆರಿಕದ ಅಧ್ಯಯನವೊಂದರಲ್ಲಿ ಕಂಡಿದೆ. ಅಲ್ಝೈಮರ್ ಎಂಬ ಮರೆವಿನ ರೋಗದಲ್ಲಿ ಮೆದುಳಲ್ಲಿ ಶೇಖರವಾಗುವುದು ಇದೇ ಪ್ರೊಟೀನ್. ಹಾಗಂತ ಅಪರೂಪಕ್ಕೆ ಬೆಳತನಕ ಯಕ್ಷಗಾನ ನೋಡಿದವರು ಹೆದರಬೇಕಿಲ್ಲ! ವರ್ಷಗಟ್ಟಲೆ ಕೆಟ್ಟ ನಿದ್ದೆಯದ್ದೇ ಚಿಂತೆ. ಉಲ್ಟಾನೂ ಇದೆ: ಮರೆವಿಗಿಂತ ಮೊದಲೇ ರೋಗ ನಿದ್ದೆ ಕೆಡಿಸಬಹುದು.

ಜೋರು ಗೊರಕೆ, ನಡುವೆ ಉಸಿರು ನಿಂತಂತಾದರೆ ಡಾಕ್ಟರಿಗೆ ತೋರಿಸಿ. ನಿದ್ದೆ ಮಾತ್ರೆ ಮಾತ್ರ ಸುಮ್ನೆ ತಂದು ಕೊಡಬೇಡಿ, ರಾತ್ರಿ ಎದ್ದಾಗ ಬಿದ್ದುಬಿಟ್ಟಾರು.