ಕಿಣ್ವದ ಆರಂಭಿಕ ವೇಗ: ಪುಣೆಯ ಲ್ಯಾಬಿಗೆ ಕಾಲಿಡುವ ಮುನ್ನ ಕೈಗೆ ಹತ್ತಬೇಕಾದ ಕೆಲಸ

ಬೆಳಗಾವಿ, ಧಾರವಾಡ, ವಿಜಯಪುರ ಕಡೆಯಿಂದ ಎಂ.ಎಸ್ಸಿ. ಮುಗಿಸಿ ಪುಣೆಗೆ ಬರುವ ಹಲವರ ಕಣ್ಣು ಪಾಷಾಣ್ ಕಡೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಅಂದರೆ ಎನ್‌ಸಿಎಲ್ ಮೇಲಿರುತ್ತದೆ. ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್, ಬಂದರೆ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ. ಪರೀಕ್ಷೆಗೆ ಹೇಗೆ ಓದಬೇಕೆಂದು ಹೇಳುವವರು ಬೇಕಾದಷ್ಟಿದ್ದಾರೆ. ಕಿಣ್ವದ ಲ್ಯಾಬಿನಲ್ಲಿ ನಿಮ್ಮ ಮಾತಿಗೆ ಬೆಲೆ ಬರುವುದು ಮಾತ್ರ ನೀವು ಅಳೆದ ಆರಂಭಿಕ ವೇಗ, ಅಂದರೆ ಸಬ್‌ಸ್ಟ್ರೇಟ್ (ಕಿಣ್ವ ಕೆಲಸ ಮಾಡುವ ವಸ್ತು) ಇನ್ನೂ ಹೆಚ್ಚು ಖರ್ಚಾಗದಿರುವಾಗಿನ ವೇಗ, ನಂಬುವಂತಿದ್ದಾಗಲೇ. ಕೆಎಂ (ವೇಗ ಗರಿಷ್ಠದ ಅರ್ಧಕ್ಕೆ ಬರುವ ಸಬ್‌ಸ್ಟ್ರೇಟ್ ಸಾಂದ್ರತೆ), ಪ್ರತಿಬಂಧಕ (ಕಿಣ್ವವನ್ನು ತಡೆಯುವ ವಸ್ತು), ರೂಪಾಂತರಿತ ಕಿಣ್ವದ ಹೋಲಿಕೆ, ಎಲ್ಲವೂ ಆ ಒಂದು ಅಳತೆಯ ಮೇಲೆಯೇ ನಿಂತಿವೆ.

ಕಲಿಯಲು ಆಲ್ಕಲೈನ್ ಫಾಸ್ಫಟೇಸ್ ತೆಗೆದುಕೊಳ್ಳಿ, ಇದು ಅಣುಗಳಿಂದ ಫಾಸ್ಫೇಟನ್ನು ಕತ್ತರಿಸುವ ಕಿಣ್ವ. ಪ್ಯಾರಾ-ನೈಟ್ರೋಫಿನೈಲ್ ಫಾಸ್ಫೇಟ್, ಲ್ಯಾಬಿನ ಮಾತಿನಲ್ಲಿ ಪಿಎನ್‌ಪಿಪಿ, ಇದರ ಸಬ್‌ಸ್ಟ್ರೇಟ್. ಅದಕ್ಕೆ ಬಣ್ಣವಿಲ್ಲ. ಕಿಣ್ವ ಅದನ್ನು ಕತ್ತರಿಸಿದಾಗ ಬರುವ ನೈಟ್ರೋಫಿನಾಲ್ ಹಳದಿ, 405 ನ್ಯಾನೋಮೀಟರಿನಲ್ಲಿ ಓದಬಹುದು. ಬಫರ್ (ಪಿಎಚ್ ಸ್ಥಿರವಾಗಿಡುವ ದ್ರಾವಣ) 1 ಮೋಲಾರ್ ಡೈಇಥನಾಲಮೈನ್, ಪಿಎಚ್ 9.8, ಅದರಲ್ಲಿ 0.5 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್. ಪಿಎಚ್ ಹೊಂದಿಸುವುದು 37 ಡಿಗ್ರಿಯಲ್ಲೇ, ಏಕೆಂದರೆ ಅಮೈನ್ ಬಫರುಗಳ ಪಿಎಚ್ ಬಿಸಿಯಾದಂತೆ ಇಳಿಯುತ್ತದೆ. ಫಾಸ್ಫೇಟ್ ಬಫರ್ ಬೇಡವೇ ಬೇಡ: ಫಾಸ್ಫೇಟ್ ಈ ಕಿಣ್ವದ ಉತ್ಪನ್ನ, ಅದೇ ಅದನ್ನು ತಡೆಯುತ್ತದೆ. ಲೋಹಗಳನ್ನು ಹಿಡಿದುಕೊಳ್ಳುವ ಇಡಿಟಿಎ ಇದ್ದರೆ ಕಿಣ್ವದೊಳಗಿನ ಸತುವನ್ನೇ ಎಳೆದುಕೊಳ್ಳುತ್ತದೆ.

1 ಮಿಲಿಲೀಟರ್ ಕ್ಯುವೆಟ್‌ಗೆ (ಬೆಳಕು ಹಾಯಿಸಿ ಓದುವ ಪುಟ್ಟ ಪಾತ್ರೆ) ಬಫರ್ 880 ಮೈಕ್ರೋಲೀಟರ್, ಸಬ್‌ಸ್ಟ್ರೇಟ್ 100, ಕಿಣ್ವ 20. ಪ್ರತಿ ಸಾಂದ್ರತೆಗೂ ಹತ್ತು ಪಟ್ಟು ಗಟ್ಟಿಯಾದ ಪ್ರತ್ಯೇಕ ಸ್ಟಾಕ್ (ಮೂಲ ದ್ರಾವಣ) ಮಾಡಿಡಿ. ಒಂದೇ ಸ್ಟಾಕಿನಿಂದ ಒಮ್ಮೆ 10, ಒಮ್ಮೆ 300 ಮೈಕ್ರೋಲೀಟರ್ ಹಾಕಿದರೆ ಸಬ್‌ಸ್ಟ್ರೇಟ್ ಜೊತೆಗೆ ಬಫರಿನ ಗಟ್ಟಿತನವೂ ಬದಲಾಗಿ, ಯಾವುದರಿಂದ ವೇಗ ಬದಲಾಯಿತೆಂದು ತಿಳಿಯದೆ ಹೋಗುತ್ತದೆ. ಬಫರನ್ನು ಮೊದಲೇ 10 ನಿಮಿಷ 37 ಡಿಗ್ರಿಯಲ್ಲಿಡಿ. ಪುಣೆಯ ಜುಲೈ ಹವೆಯಲ್ಲಿ ಫ್ರಿಜ್ಜಿನ ಬಫರನ್ನು ನೇರ ಸುರಿದರೆ ಕ್ಯುವೆಟ್ಟಿನ ಹೊರಮೈ ಮೇಲೆ ತೇವ ಕೂತು ರೀಡಿಂಗ್ ಸುಳ್ಳಾಗಿ ಏರುತ್ತದೆ. ಮುಂಬೈ, ಗೋವಾದಲ್ಲಿ ಈ ಕಾಟ ಇನ್ನೂ ಹೆಚ್ಚು.

ಕಿಣ್ವವನ್ನು ಕೊನೆಗೆ ಹಾಕಿ, ಪ್ಯಾರಾಫಿಲ್ಮ್ ಮುಚ್ಚಿ ಎರಡು ಸಲ ಮಗುಚಿ, 10 ಸೆಕೆಂಡಿನೊಳಗೆ ಹೀರುವಿಕೆ ಅಳೆಯುವ ಯಂತ್ರದಲ್ಲಿ (ಸ್ಪೆಕ್ಟ್ರೋಫೋಟೋಮೀಟರ್) ಇಡಿ. 5 ಸೆಕೆಂಡಿಗೊಮ್ಮೆ, 2 ನಿಮಿಷ ಓದಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಸಬ್‌ಸ್ಟ್ರೇಟಿನ ಶೇ 10ಕ್ಕಿಂತ ಹೆಚ್ಚು ಖರ್ಚಾಗಬಾರದು, ಆಮೇಲೆ ಗೆರೆ ಬಾಗುತ್ತದೆ. 0.02 ಮಿಲಿಮೋಲಾರ್ ಇಟ್ಟಿದ್ದರೆ ಶೇ 10 ಎಂದರೆ 2 ಮೈಕ್ರೋಮೋಲಾರ್, ಅಂದರೆ ಹೀರುವಿಕೆಯಲ್ಲಿ ಬರೀ 0.036. ಅಷ್ಟರೊಳಗಿನ ನೇರ ಭಾಗದ ಇಳಿಜಾರನ್ನೇ ತೆಗೆದುಕೊಳ್ಳಬೇಕು. ಹೆಚ್ಚು ಸಬ್‌ಸ್ಟ್ರೇಟ್ ಇದ್ದಾಗ ನಿಮಿಷಕ್ಕೆ 0.05ರಿಂದ 0.1 ಏರುವಷ್ಟು ಕಿಣ್ವ ಸಾಕು. ಕಿಣ್ವವನ್ನು ಅರ್ಧ ಮಾಡಿದಾಗ ವೇಗವೂ ಅರ್ಧವಾಗುತ್ತದೋ ಎಂದು ತಪ್ಪದೆ ನೋಡಿ. ಅರ್ಧಕ್ಕಿಂತ ತೀರಾ ಇಳಿದರೆ, ತೆಳು ಮಾಡಿದ ಕಿಣ್ವ ಪ್ಲಾಸ್ಟಿಕ್ ಗೋಡೆಗೆ ಅಂಟಿ ಕಳೆದುಹೋಗುತ್ತಿರಬಹುದು. ತೆಳು ಮಾಡುವ ದ್ರವಕ್ಕೆ ಮಿಲಿಲೀಟರಿಗೆ 1 ಮಿಲಿಗ್ರಾಂ ಬಿಎಸ್‌ಎ ಪ್ರೋಟೀನ್ ಸೇರಿಸಿ. ಕಿಣ್ವವಿಲ್ಲದ ಕ್ಯುವೆಟ್ಟನ್ನೂ ಓದಿ ಕಳೆಯಿರಿ, ಪಿಎನ್‌ಪಿಪಿ ತಾನಾಗಿಯೂ ಒಡೆಯುತ್ತದೆ. ಸ್ಟಾಕ್ ಹಳದಿಗಟ್ಟಿದ್ದರೆ ಚೆಲ್ಲಿ.

ಲೆಕ್ಕ ಸರಳ. ನೈಟ್ರೋಫಿನಾಲಿನ ಗುಣಾಂಕ, ಅಂದರೆ 1 ಮೋಲಾರ್ ದ್ರಾವಣ 1 ಸೆಂಟಿಮೀಟರ್ ದಾರಿಯಲ್ಲಿ ತೋರುವ ಹೀರುವಿಕೆ, ಸುಮಾರು 18,000. ನಿಮಿಷಕ್ಕೆ 0.09 ಏರಿದರೆ 5 ಮೈಕ್ರೋಮೋಲಾರ್, 1 ಮಿಲಿಲೀಟರಿನಲ್ಲಿ 5 ನ್ಯಾನೋಮೋಲ್. ಅದು 20 ಮೈಕ್ರೋಲೀಟರ್ ಕಿಣ್ವದ ಕೆಲಸ, ಹಾಗಾಗಿ ಮಿಲಿಲೀಟರಿಗೆ 0.25 ಯೂನಿಟ್ (1 ಯೂನಿಟ್ ಎಂದರೆ ನಿಮಿಷಕ್ಕೆ 1 ಮೈಕ್ರೋಮೋಲ್).

ಕೆಎಂಗಾಗಿ ಮೊದಲು 0.02, 0.2, 2 ಮಿಲಿಮೋಲಾರ್ ಮೂರರಲ್ಲಿ ಅಂದಾಜು ನೋಡಿ, ನಂತರ ಆ ಅಂದಾಜಿನ 0.2ರಿಂದ 5 ಪಟ್ಟಿನೊಳಗೆ 8 ಸಾಂದ್ರತೆ, ಪ್ರತಿಯೊಂದೂ ಮೂರು ಸಲ. 1934ರ ಲೈನ್‌ವೀವರ್-ಬರ್ಕ್ ಗೆರೆ (ವೇಗ, ಸಾಂದ್ರತೆ ಎರಡರ ವಿಲೋಮಗಳ ನಕ್ಷೆ) ನೋಡಲು ಚೆಂದ, ಆದರೆ ಅತಿ ಕಡಿಮೆ ಸಾಂದ್ರತೆಯ ಚಿಕ್ಕ ತಪ್ಪನ್ನೂ ಅದು ಹಿಗ್ಗಿಸುತ್ತದೆ. ಸಾಂದ್ರತೆಗೆ ತಕ್ಕಂತೆ ವೇಗ ತೋರುವ ಮೈಕೇಲಿಸ್-ಮೆಂಟೆನ್ ವಕ್ರರೇಖೆಯನ್ನೇ ಕಂಪ್ಯೂಟರಿನಲ್ಲಿ ನೇರ ಹೊಂದಿಸಿ. ಬಂದ ಅಂಕಿಯ ಪಕ್ಕದಲ್ಲಿ ಬಫರ್, ಪಿಎಚ್, ಉಷ್ಣತೆ ಬರೆಯಿರಿ: ಡೈಇಥನಾಲಮೈನ್ ತಾನೇ ಫಾಸ್ಫೇಟನ್ನು ಸ್ವೀಕರಿಸಿ ವೇಗ ಹೆಚ್ಚಿಸುವುದರಿಂದ, ಟ್ರಿಸ್ ಬಫರಿನಲ್ಲಿ ಅಳೆದವರ ಕೆಎಂ ನಿಮ್ಮದಕ್ಕೆ ಹೊಂದುವುದಿಲ್ಲ.

ಕೈ ಕುದುರಿದ ಮೇಲೆ ಎನ್‌ಸಿಎಲ್ ಆವರಣದಲ್ಲೇ ಇರುವ ಸೂಕ್ಷ್ಮಜೀವಿ ಸಂಗ್ರಹ ಎನ್‌ಸಿಐಎಂನಿಂದ ತಳಿ ತರಿಸಿ, ಸ್ವಂತ ಕಿಣ್ವ ತೆಗೆಯಲು ತೊಡಗಬಹುದು. ಕಚ್ಚಾ ಸಾರದಲ್ಲಿ ಹಲವು ಫಾಸ್ಫಟೇಸ್‌ಗಳು ಬೆರೆತಿರಬಹುದು. ಶುದ್ಧ ಮಾಡುವ ತನಕ ಅದರ ಕೆಎಂ ಬರೆಯಬೇಡಿ.